ತೂತಿಗೆ ಅಂಟಿಸಿದ ಟೇಪು

ಕ್ಯಾಸೆಟ್ಟಿನ ಬೆನ್ನಿನ ಕಡೆ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿರುತ್ತಿದ್ದವು, ನೆನಪಿದೆಯಾ? ಅದನ್ನು ಮುರಿದುಬಿಟ್ಟರೆ ಆ ಕ್ಯಾಸೆಟ್ಟಿನ ಮೇಲೆ ಮತ್ತೆ ರೆಕಾರ್ಡ್ ಮಾಡಲು ಬರುತ್ತಿರಲಿಲ್ಲ. ಆದರೆ ಆ ತೂತಿಗೆ ಒಂದು ಚೂರು ಸೆಲ್ಲೋಟೇಪು ಅಂಟಿಸಿದರೆ ಟೇಪ್ ರೆಕಾರ್ಡರ್ ಮೋಸ ಹೋಗುತ್ತಿತ್ತು. 1995ರಲ್ಲಿ, ನನ್ನ ಹನ್ನೆರಡನೇ ವಯಸ್ಸಿನಲ್ಲಿ, ನಾನು ಈ ಮೋಸವನ್ನು ಮಾಡಿದ್ದೇನೆ. ಅದೂ ಅಜ್ಜನ ಕ್ಯಾಸೆಟ್ಟಿಗೆ.

ಅಜ್ಜ ಅಡಿಕೆ ತೋಟದ ಮನುಷ್ಯ. ಮಳೆಗಾಲ ಬಂತೆಂದರೆ ಸಿದ್ದಾಪುರ, ಶಿರಸಿ, ಯಲ್ಲಾಪುರ ಅಂತ ತಾಳಮದ್ದಲೆಗೆ ಅರ್ಥ ಹೇಳಲು ಹೊರಡುತ್ತಿದ್ದ. ದೊಡ್ಡ ಹೆಸರೇನಲ್ಲ, ಸುತ್ತಲಿನ ನಾಲ್ಕೂರಿಗೆ ಗೊತ್ತಿದ್ದವನು. ಯಲ್ಲಾಪುರದ ಕಡೆ ಅತ್ತೆಮನೆಯಲ್ಲಿ ಒಂದು ರಾತ್ರಿ ಕರ್ಣಪರ್ವ ಆದಾಗ ಯಾರೋ ರೆಕಾರ್ಡ್ ಮಾಡಿ ಕೊಟ್ಟಿದ್ದರು. ಅಜ್ಜನದು ಕರ್ಣ. ಅವನ ಅರ್ಥ ಉಳಿದದ್ದು ಅದೊಂದೇ ಕ್ಯಾಸೆಟ್ಟಿನಲ್ಲಿ.

ಈ ಕಥೆ ಹೇಳುವ ಮೊದಲು ಒಂದು ಪಿಯಾನೊ ವಿಷಯ ಹೇಳಬೇಕು. ಆನ್‌ಸೈಟ್ ಅಂತ ಅಮೆರಿಕಕ್ಕೆ ಹೋಗಿದ್ದಾಗ ನಾನು ಬಾಡಿಗೆಗಿದ್ದ ಮನೆಯ ಯಜಮಾನರ ಹತ್ತಿರ ತಾನೇ ನುಡಿಸಿಕೊಳ್ಳುವ ಪಿಯಾನೊ ಇತ್ತು. ಯಮಹಾದ ಡಿಸ್ಕ್‌ಲೇವಿಯರ್ ಈ ಜಾತಿಯಲ್ಲಿ ಹೆಸರಾದದ್ದು, 1980ರ ದಶಕದಲ್ಲಿ ಬಂತು. ಫ್ಲಾಪಿ ಹಾಕಿದರೆ ಯಾರೂ ಕೂರದೆಯೂ ಮನೆಗಳು ಒಂದೊಂದೇ ಕೆಳಗಿಳಿಯುತ್ತವೆ. ಮೊದಲ ಸಲ ನೋಡಿದಾಗ ನಮ್ಮೂರಿನವನಾದ ನನಗೆ ದೆವ್ವದ ನೆನಪಾದದ್ದು ಸುಳ್ಳಲ್ಲ. ಫ್ಲಾಪಿಯಲ್ಲಿ ಧ್ವನಿ ಇರುವುದಿಲ್ಲ. ಯಾವ ಮನೆ, ಯಾವ ಕ್ಷಣ, ಎಷ್ಟು ಜೋರಾಗಿ ಒತ್ತಿದ್ದು, ಕಾಲಿನ ಪೆಡಲ್ ಯಾವಾಗ ತುಳಿದದ್ದು, ಇಷ್ಟೇ. ಹಾಗಾಗಿ 720 ಕೆಬಿಯಲ್ಲಿ ಹತ್ತಾರು ಹಾಡು ಹಿಡಿಯುತ್ತದೆ.

ಅವರ ಹೆಂಡತಿ ತೀರಿಕೊಂಡಿದ್ದರು. ಆಕೆ ನುಡಿಸಿದ್ದು ಒಂದು ಫ್ಲಾಪಿಯಲ್ಲಿತ್ತು. ಡ್ರೈವಿನ ಒಳಗಿನ ರಬ್ಬರ್ ಬೆಲ್ಟು ಕರಗಿ ಅಂಟಾಗಿತ್ತು, ಫ್ಲಾಪಿಗಳೂ ಒಂದೊಂದಾಗಿ ಕೈಕೊಡುತ್ತಿದ್ದವು. ಜಪಾನಿನಲ್ಲಿ ಸೋನಿಯವರೇ 2011ರಲ್ಲಿ ಫ್ಲಾಪಿ ಮಾರಾಟ ನಿಲ್ಲಿಸಿದ ಮೇಲೆ ಹೊಸದು ಎಲ್ಲಿಂದ ತರುವುದು? ಸಿಕ್ಕಿದರೂ 1.44 ಎಂಬಿಯದ್ದು. ಅದರ ಹೆಚ್ಚುವರಿ ತೂತಿಗೆ ಟೇಪು ಅಂಟಿಸಿದರೆ ಹಳೇ ಡ್ರೈವು 720 ಅಂತ ನಂಬುತ್ತದೆ, ಆದರೆ ಒಳಗಿನ ಲೇಪವೇ ಬೇರೆ, ಬರೆದದ್ದು ಬಹಳ ದಿನ ನಿಲ್ಲುತ್ತದೆಂಬ ಭರವಸೆ ಇಲ್ಲ. (ಅಲ್ಲೂ ತೂತು, ಅಲ್ಲೂ ಟೇಪು!) ಓದಲು ಬರುವಷ್ಟನ್ನು ಮೊದಲು ಕಂಪ್ಯೂಟರಿಗೆ ನಕಲು ಮಾಡಿ, ಡ್ರೈವನ್ನೇ ಕಿತ್ತು, ಆ ಜಾಗಕ್ಕೆ ಪೆನ್‌ಡ್ರೈವ್ ಹಾಕುವ ಪೆಟ್ಟಿಗೆಯೊಂದನ್ನು ಕೂರಿಸಿದೆವು. ಪಿಯಾನೊ ಇನ್ನೂ ಅದನ್ನು ಫ್ಲಾಪಿ ಅಂತಲೇ ತಿಳಿದುಕೊಂಡಿದೆ. 1905ರಲ್ಲಿ ಮಾಹ್ಲರ್ ಎಂಬ ದೊಡ್ಡ ಸಂಗೀತಗಾರ ನುಡಿಸಿದ್ದು ತೂತು ಕೊರೆದ ಕಾಗದದ ಸುರುಳಿಯಲ್ಲಿದೆ, ಅದನ್ನು ಇವತ್ತಿಗೂ ನುಡಿಸಬಹುದು. ನಮ್ಮ ಫ್ಲಾಪಿಗೆ ಇಪ್ಪತ್ತೈದು ವರ್ಷಕ್ಕೇ ಏದುಸಿರು.

ಆಕೆ ಒಂದು ಕಡೆ ತಪ್ಪು ಮನೆ ಒತ್ತಿದ್ದರು. ನನಗೆ ಸಂಗೀತ ಗೊತ್ತಿಲ್ಲ, ಆದರೆ ಕಿವಿಗೆ ಚುಚ್ಚುತ್ತಿತ್ತು. ಒಂದೇ ಒಂದು ಸಂಖ್ಯೆ ಬದಲಿಸಿದರೆ ಸರಿಹೋಗುತ್ತೆ, ಮಾಡಿಕೊಡಲಾ ಅಂತ ಕೇಳಿದೆ. ಬೇಡವೇ ಬೇಡ ಅಂದರು. ಮುದುಕರ ಮೋಹ ಅಂದುಕೊಂಡೆ.

ವಾಪಸ್ ಬಂದ ಮೇಲೆ ಒಂದು ಮಳೆಗಾಲ ಊರಿಗೆ ಹೋದವನು ಅಟ್ಟದ ಟ್ರಂಕು ಇಳಿಸಿದೆ. ಮಲೆನಾಡಿನ ಮಳೆ ಕ್ಯಾಸೆಟ್ಟನ್ನೂ ಬಿಡುವುದಿಲ್ಲ, ರೀಲಿನ ಅಂಚಿಗೆಲ್ಲ ಬಿಳಿ ಬೂಸ್ಟು. ಒರೆಸಿ, ಚಿಪ್ಪು ಬದಲಿಸಿ, ಶಿರಸಿಯ ರಿಪೇರಿ ಅಂಗಡಿಯಿಂದ ಒಂದು ಡೆಕ್ ತಂದು ಲ್ಯಾಪ್‌ಟಾಪಿಗೆ ಹಚ್ಚಿದೆ. ಫ್ಲಾಪಿಯಾದರೆ ಒಂದೆರಡು ನಿಮಿಷದ ಕೆಲಸ. ಕ್ಯಾಸೆಟ್ಟು ಹಾಗಲ್ಲ. ತೊಂಬತ್ತು ನಿಮಿಷದ್ದಕ್ಕೆ ತೊಂಬತ್ತು ನಿಮಿಷ ಕೂರಲೇಬೇಕು, ನಡುವೆ ಕರೆಂಟು ಹೋದರೆ ಮತ್ತೆ ಮೊದಲಿಂದ.

ಅಪ್ಪಯ್ಯ ಜಗುಲಿಯಿಂದಲೇ ಹೇಳಿದ, “ಎಂತಕ್ಕೋ ತಮಾ? ಅಜ್ಜ ಹೇಳಿದ್ದು ಅವತ್ತಿಗೇ ಮುಗದು ಹೋತು. ತಂಗಳು ಬಡಿಸಡ.”

ಮಾತು ಸುಳ್ಳಲ್ಲ. ಪದ್ಯ ಪ್ರಸಂಗದ ಪುಸ್ತಕದಲ್ಲಿರುತ್ತದೆ, ಭಾಗವತರು ಹಾಡುತ್ತಾರೆ. ಅರ್ಥ ಎಲ್ಲೂ ಬರೆದಿರುವುದಿಲ್ಲ. ಎದುರಿಗಿನವನು ಏನು ಕೇಳಿದ, ಜನ ಎಲ್ಲಿ ತಲೆದೂಗಿದರು, ಅದರ ಮೇಲೆ ಆ ರಾತ್ರಿ ಹುಟ್ಟಬೇಕು. ಇಪ್ಪತ್ತು ಸಲ ಕರ್ಣನಾದವನು ಒಂದೇ ಕರ್ಣನನ್ನು ಎರಡು ಸಲ ಹೇಳಿದರೆ ಅಜ್ಜನಂಥವರಿಗೆ ಅದು ಅವಮಾನ. ಹಾಗಿದ್ದಮೇಲೆ ಒಂದು ರಾತ್ರಿಯದ್ದನ್ನು ಹಿಡಿದಿಟ್ಟು ‘ಇದೇ ಅವನ ಕರ್ಣ’ ಅನ್ನುವುದು ಎಷ್ಟು ಸರಿ? ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಡೆಕ್ ಓಡುತ್ತಿತ್ತು, ಕೂತೆ.

ಶಲ್ಯ ಕೇಳುತ್ತಾನೆ, ಗುರಿ ತಪ್ಪಿತಲ್ಲ, ಅದೇ ಸರ್ಪಾಸ್ತ್ರವನ್ನು ಮತ್ತೊಮ್ಮೆ ತೊಡು ಅಂತ. ಅಜ್ಜ ಗಂಟಲು ಸರಿಮಾಡಿಕೊಂಡು ಶುರುಮಾಡುತ್ತಾನೆ. ಅರ್ಧ ವಾಕ್ಯ. ಟಕ್. ಆಮೇಲೆ ಸಿನಿಮಾ ಹಾಡು.

ಅದೇ ನನ್ನ ಸೆಲ್ಲೋಟೇಪು. ದೂರದರ್ಶನದ ‘ಚಿತ್ರಮಂಜರಿ’ ಬರುವಾಗ ಟೀವಿ ಎದುರಿಗೆ ಟೂ-ಇನ್-ಒನ್ ಇಟ್ಟು ಹಿಡಿದದ್ದು. ನಾಚಿಕೆಯಿಂದ ಸಾಯುವ ಹಾಗಾಯಿತು. ಅಜ್ಜ ಈ ಬಗ್ಗೆ ಕೊನೇವರೆಗೂ ಒಂದು ಮಾತೆತ್ತಿರಲಿಲ್ಲ. ಗೊತ್ತಿರಲಿಲ್ಲವೋ, ಬೇಕಂತಲೇ ಸುಮ್ಮನಿದ್ದನೋ. ಮೌಸು ಹಿಡಿದು ಹಾಡಿನ ಭಾಗವನ್ನೆಲ್ಲ ಆಯ್ಕೆ ಮಾಡಿ ಡಿಲೀಟ್ ಒತ್ತಬೇಕು, ಅಷ್ಟರಲ್ಲಿ ಹಾಡಿನ ಹಿಂದೆ ಒಂದು ದನಿ ಕೇಳಿತು.

“ಏ ತಮಾ, ಸೌಂಡು ಸಣ್ಣ ಮಾಡೋ. ಅಜ್ಜ ಮನಗಿದ್ದ.”

ಅಮ್ಮಮ್ಮ. ಹಿಂದೆಯೇ ಪಾತ್ರೆಯ ಸದ್ದು, ಕೊಟ್ಟಿಗೆಯ ಕರುವನ್ನು ಕರೆಯುವುದು. ಅಷ್ಟೇ. ಆ ಟ್ರಂಕಿನಲ್ಲಿ ನಲವತ್ತು ಕ್ಯಾಸೆಟ್ಟಿವೆ, ಒಂದರಲ್ಲೂ ಹೆಂಗಸರ ದನಿಯಿಲ್ಲ. ರಾತ್ರಿಯೆಲ್ಲ ಕೇಳುವವರಿಗೆ ಚಹಾ, ಅವಲಕ್ಕಿ ಕೊಡುತ್ತಿದ್ದವಳು ಅವಳು. ಅವಳನ್ನು ರೆಕಾರ್ಡ್ ಮಾಡಬೇಕೆಂದು ನನ್ನನ್ನೂ ಸೇರಿಸಿ ಯಾರಿಗೂ ಹೊಳೆದಿರಲಿಲ್ಲ. ಪಿಯಾನೊದ ಫ್ಲಾಪಿಯಾಗಿದ್ದರೆ ಅವಳಿಗೆ ಜಾಗವೇ ಇರುತ್ತಿರಲಿಲ್ಲ. ಅದು ತಾನು ಮುಖ್ಯ ಅಂದುಕೊಂಡದ್ದನ್ನು ಮಾತ್ರ ಬರೆದುಕೊಳ್ಳುತ್ತದೆ, ಪಕ್ಕದ ಕೋಣೆಯ ಕೆಮ್ಮು ಅದಕ್ಕೆ ಬೇಡ. ಆ ಯಜಮಾನರ ಹೆಂಡತಿಯ ಕಡೆಯಿಂದ ಫ್ಲಾಪಿಯೊಳಗೆ ನುಸುಳಿದ್ದು, ಬೇಡವೆಂದರೂ ಬಂದದ್ದು, ಆ ಒಂದು ತಪ್ಪು ಮನೆಯೇ ಇರಬೇಕು. ನಾನು ಅದನ್ನು ಸರಿಮಾಡಲು ಹೋಗಿದ್ದೆ.

ಅಪ್ಪಯ್ಯನಿಗೆ ಕೇಳಿಸಿದೆ. ತಂಗಳಿನ ಮಾತು ಬರಲಿಲ್ಲ. ಹಾಡು ಮುಗಿಯುವವರೆಗೂ ನಿಂತಿದ್ದ.

ಹಾಗಂತ ನಾನು ದೊಡ್ಡ ಮನುಷ್ಯನೇನೂ ಆಗಲಿಲ್ಲ. ಹೋದ ತಿಂಗಳು ಬೆಂಗಳೂರಲ್ಲಿರುವ ಅತ್ತೆಯ ಮಗ ಅಜ್ಜನ ಕರ್ಣ ಕಳಿಸು, ಫ್ಯಾಮಿಲಿ ಗ್ರೂಪಿಗೆ ಹಾಕ್ತೆ ಅಂದ. ಪೂರ್ತಿ ಫೈಲು ಕಳಿಸಿದರೆ ‘ಇದೆಂತಾ ಹಾಡು’ ಅಂತ ಕೇಳುತ್ತಾರೆ, ನನ್ನ ಕಳ್ಳತನ ಹೊರಬೀಳುತ್ತದೆ. ಕತ್ತರಿಸಿದ್ದನ್ನೇ ಕಳಿಸಿದೆ. ಮೂವತ್ತೊಂದು ನಿಮಿಷ. ಎಲ್ಲರೂ ಕೈಮುಗಿದ ಗುರುತು ಹಾಕಿದರು. ಅತ್ತೆ ಮಾತ್ರ ಫೋನ್ ಮಾಡಿ, ಅಷ್ಟಕ್ಕೇ ನಿಂತು ಹೋತಲಾ, ಮುಂದಿದ್ದು ಇಲ್ಯನೋ ಅಂತ ಕೇಳಿದಳು. ಇಲ್ಲ ಅಂದೆ.