ಕಣ್ಣಿಗೂ ಸ್ಪರ್ಶವಿದೆ

*ಇಂದಿನ ಧಮ್ಮ ಚಿಂತನೆ*



ಕೆಲವು ವರ್ಷಗಳ ಹಿಂದೆ ಒಂಬತ್ತನೇ ತರಗತಿಯ ಮಕ್ಕಳನ್ನು ಬೆಂಗಳೂರಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ವಿಧಾನಸೌಧ ನೋಡಿ ಆದ ಮೇಲೆ ಅರಮನೆ ರಸ್ತೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೂ ಹೋದೆವು. ಅಲ್ಲಿ ಒಂದು ದೊಡ್ಡ ಚಿತ್ರದ ಮುಂದೆ ಮಕ್ಕಳು ನಿಂತುಬಿಟ್ಟರು. ಅದರಲ್ಲಿ ಮನುಷ್ಯರಿಲ್ಲ, ಮರವಿಲ್ಲ, ಮನೆಯಿಲ್ಲ. ಬೂದು ಬಣ್ಣದ ಮೇಲೆ ಬೂದು ಬಣ್ಣ, ಅಲ್ಲಲ್ಲಿ ಒಂದಿಷ್ಟು ಹಳದಿ. ಒಬ್ಬ ಹುಡುಗ ಕೇಳಿದ: "ಸಾರ್, ಇದು ಏನು ಚಿತ್ರ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿಯೂ ಬರಲಿಲ್ಲ. ಗಂಟಲು ಒಣಗಿತು, ಹೆಗಲು ಬಿಗಿಯಾಯಿತು. ಇಂಥ ಜಾಗಕ್ಕೆ ನಾವು ಸೇರಿದವರಲ್ಲ ಎಂಬ ಹಳೆಯ ಅಂಜಿಕೆ ಅದು. "ಇದನ್ನು ಅಮೂರ್ತ ಕಲೆ ಅಂತಾರೆ" ಎಂದು ಎಂ.ಎ. ಪಾಠ ಶುರು ಮಾಡಿದೆ. ಅಷ್ಟರಲ್ಲಿ ಹಿಂದೆ ನಿಂತಿದ್ದ ಒಬ್ಬಳು ಹುಡುಗಿ ಮೆಲ್ಲಗೆ ಹೇಳಿದಳು: "ಸಾರ್, ಮಳೆ ಬರೋಕೆ ಮುಂಚೆ ಮೈಗೆ ಒಂಥರಾ ಆಗುತ್ತಲ್ಲ, ಹಂಗಾಗ್ತಿದೆ."

ನಾನು ಪಾಠ ನಿಲ್ಲಿಸಿದೆ. ಆ ಮಗು ಚಿತ್ರಕ್ಕೆ ಹೆಸರು ಹುಡುಕಲಿಲ್ಲ. ಅದು ತನ್ನ ಮೈಗೆ ಏನು ಮಾಡುತ್ತಿದೆ ಎಂಬುದನ್ನು ಗಮನಿಸಿದಳು. ನಾನು ಗಮನಿಸಿದ್ದು ನನ್ನ ಮಾನವನ್ನು ಮಾತ್ರ.

ಆಮೇಲೆ ವಾಸುದೇವ ಗಾಯತೊಂಡೆ ಅವರ ಬಗ್ಗೆ ಓದಿದೆ. 1924ರಲ್ಲಿ ನಾಗಪುರದಲ್ಲಿ ಹುಟ್ಟಿದ ಈ ಕಲಾವಿದರಿಗೆ ಝೆನ್ ಬೌದ್ಧ ಚಿಂತನೆಯಲ್ಲಿ ಆಸಕ್ತಿಯಿತ್ತು. ರೋಲರ್‌ನಿಂದ, ಚಪ್ಪಟೆ ಚಾಕುವಿನಿಂದ ಬಣ್ಣ ಹಚ್ಚುವುದು, ಕೆರೆಯುವುದು, ಮತ್ತೆ ಹಚ್ಚುವುದು ಅವರ ರೀತಿ. ಅವರ ಚಿತ್ರದಲ್ಲಿ ಓದಬೇಕಾದ ಕಥೆ ಇಲ್ಲ, ಗುರುತಿಸಬೇಕಾದ ದೇವರಿಲ್ಲ. ಪುರಾಣ ಗೊತ್ತಿದ್ದವರಿಗೆ ಮಾತ್ರ ಬಾಗಿಲು ಎಂಬ ಷರತ್ತಿಲ್ಲ. ಕಣ್ಣು ಇದೆ, ಉಸಿರು ಇದೆ, ನಿಲ್ಲಲು ಎರಡು ಕಾಲಿವೆ ಎಂದರೆ ಸಾಕು.

ಬುದ್ಧ ಗುರುವಿನ ಪಟಿಚ್ಚಸಮುಪ್ಪಾದದಲ್ಲಿ ಇದಕ್ಕೆ ಬೆಳಕು ಸಿಗುತ್ತದೆ. ಆರು ಇಂದ್ರಿಯಗಳಿಂದ ಫಸ್ಸ, ಅಂದರೆ ಸ್ಪರ್ಶ. ಸ್ಪರ್ಶದಿಂದ ವೇದನೆ. ವೇದನೆಯಿಂದ ತಣ್ಹಾ, ಅಂದರೆ ತೃಷ್ಣೆ. ಇಲ್ಲಿ ಸ್ಪರ್ಶ ಎಂದರೆ ಚರ್ಮದ ಮುಟ್ಟುವಿಕೆ ಮಾತ್ರವಲ್ಲ. ಕಣ್ಣು, ಬಣ್ಣ, ಅರಿವು ಮೂರೂ ಕೂಡಿದಾಗ ಅದೂ ಸ್ಪರ್ಶವೇ. ನೋಡುವುದೆಂದರೆ ಮುಟ್ಟುವುದು, ಮುಟ್ಟಿಸಿಕೊಳ್ಳುವುದು. ವೇದನೆ ಎಂದರೂ ನೋವು ಮಾತ್ರವಲ್ಲ. ಹಿತ, ಅಹಿತ, ಎರಡೂ ಅಲ್ಲದ್ದು ಎಂದು ಅದು ಮೂರು ಬಗೆ. ದಿನನಿತ್ಯ ನಾವು ಕಂಡ ತಕ್ಷಣ ಹೆಸರಿಟ್ಟುಬಿಡುತ್ತೇವೆ. ಹೆಸರು ಬಂದ ಮೇಲೆ ಸ್ಪರ್ಶವೂ ವೇದನೆಯೂ ಮರೆತುಹೋಗುತ್ತವೆ. ಹೆಸರಿಡಲಾಗದ ಚಿತ್ರದ ಮುಂದೆ ಆ ಆತುರಕ್ಕೆ ಕೆಲಸವಿಲ್ಲ. ಹಾಗಾಗಿ ಮೈಯಲ್ಲಿ ಏಳುವ ವೇದನೆ ಎದ್ದು ಕಾಣುತ್ತದೆ.

ಹಾಗಾದರೆ ಮೈಗೆ ಅನಿಸಿದ್ದೇ ಸತ್ಯವೇ? ಬಂಧುಗಳೇ, ಇಲ್ಲಿ ಎಚ್ಚರ ಬೇಕು.

ನಮ್ಮನ್ನು ಮುಟ್ಟಿದಾಗ ಮೇಲ್ಜಾತಿಯವನ ಮೈ ಕುಗ್ಗುತ್ತಿತ್ತಲ್ಲ, ಅದು ನಾಟಕವಲ್ಲ. ಅವನಿಗೆ ಹೇಸಿಗೆ ನಿಜವಾಗಿಯೇ ಆಗುತ್ತಿತ್ತು. ಹೇಸಿಗೆ ನಿಜ, ಆದರೆ ಹೇಸಿಗೆಗೆ ಕೊಟ್ಟ ಕಾರಣ ಸುಳ್ಳು. ಹುಟ್ಟಿದ ಕೂಸಿಗೆ ಆ ಹೇಸಿಗೆ ಇರಲಿಲ್ಲ, ಮನೆಯವರು ಕಲಿಸಿದರು, ಊರು ಕಲಿಸಿತು. ಬಾಲಕ ಭೀಮರಾವ್ ಶಾಲೆಯಲ್ಲಿ ಕೂರಲು ಗೋಣಿ ತಟ್ಟನ್ನು ಮನೆಯಿಂದ ಒಯ್ಯಬೇಕಿತ್ತು. ನಲ್ಲಿಯನ್ನು ತಾನೇ ಮುಟ್ಟುವಂತಿರಲಿಲ್ಲ. ಜವಾನ ಬಾರದ ದಿನ ನೀರಿಲ್ಲ. ಆ ವ್ಯವಸ್ಥೆ ನಡೆದದ್ದು ಪುಸ್ತಕದಲ್ಲಿ ಮಾತ್ರವಲ್ಲ, ಮೈಗಳ ಮೇಲೆ. ಆದ್ದರಿಂದಲೇ ಬಾಬಾಸಾಹೇಬರ ಉತ್ತರವೂ ಮೈಯಿಂದಲೇ ಬಂತು. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗೆ ಇಳಿದು ನೀರನ್ನು ಮುಟ್ಟಿದರು, ಕುಡಿದರು.

ಹೇಸಿಗೆಯನ್ನು ಅವರ ಮೈಗೆ ಕಲಿಸಿದಂತೆ ಅಂಜಿಕೆಯನ್ನು ನಮ್ಮ ಮೈಗೆ ಕಲಿಸಿದರು. ಗ್ಯಾಲರಿಯಲ್ಲಿ ಬಿಗಿದ ನನ್ನ ಹೆಗಲು ಆ ಪಾಠವನ್ನೇ ಒಪ್ಪಿಸುತ್ತಿತ್ತು. ಅಂಜಿಕೆಯ ಮಾತು ಕೇಳಿದ್ದರೆ ನಾನು ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುತ್ತಿದ್ದೆ. ಅದನ್ನು ಅಲ್ಲಗಳೆದದ್ದರಿಂದ ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳಿದೆ. ಮಾಡಬೇಕಾದದ್ದು ಮೂರನೆಯದು: ಅಂಜಿಕೆ ಬಂದಿದೆ ಎಂದು ನೋಡುವುದು, ಅದು ಎಲ್ಲಿಂದ ಬಂತು ಎಂದು ಕೇಳುವುದು. ವೇದನೆಯನ್ನು ಅದುಮಬಾರದು, ಅದರ ಆಳಾಗಲೂಬಾರದು. ಸತಿ ಎಂದರೆ ಇದೇ.

ಇನ್ನೊಂದು ಸಂಗತಿ. ಹೊರಡುವ ಮುಂಚೆ ಆ ಹುಡುಗ ಚಿತ್ರದ ಕಡೆ ಕೈ ಚಾಚಿದ. ಕಾವಲಿನವರು "ಮುಟ್ಟಬೇಡಪ್ಪ" ಎಂದರು. ನನ್ನ ಎದೆ ಝಲ್ಲೆಂದಿತು. ಆ ಮಾತನ್ನು ನಮ್ಮ ತಾತಂದಿರು ಬಾವಿಕಟ್ಟೆಯಲ್ಲಿ ಕೇಳಿದ್ದಾರೆ. ಆದರೆ ಕಾವಲಿನವರು ಮೃದುವಾಗಿಯೇ ಕಾರಣ ಹೇಳಿದರು: ಕೈಯ ಬೆವರು, ಜಿಡ್ಡು ಬಣ್ಣಕ್ಕೆ ಹಾನಿ, ಯಾರ ಕೈಯಾದರೂ ಅಷ್ಟೆ. ಆಗ ಉಸಿರು ತಿಳಿಯಾಯಿತು. ಬಾವಿಕಟ್ಟೆಯ ನಿಯಮ ಕೆಲವರ ಕೈಗೆ ಮಾತ್ರ ಇತ್ತು, ಅದಕ್ಕೆ ಪರೀಕ್ಷೆಗೆ ನಿಲ್ಲುವ ಕಾರಣವೂ ಇರಲಿಲ್ಲ. ಮಾತು ಒಂದೇ, ಧರ್ಮ ಬೇರೆ. ಕಾರಣ ಕೇಳದೆ ನನ್ನ ಎದೆಯ ಝಲ್ಲನ್ನಷ್ಟೇ ನಂಬಿದ್ದರೆ, ಒಬ್ಬ ಒಳ್ಳೆಯ ಮನುಷ್ಯನ ಮೇಲೆ ಸುಮ್ಮನೆ ಸಿಟ್ಟಾಗುತ್ತಿದ್ದೆ.

ಹೊಟ್ಟೆಪಾಡಿನ ನಡುವೆ ಚಿತ್ರ ಯಾಕೆ ಎನ್ನಬಹುದು. ಅನ್ನವೂ ನಮ್ಮ ಹಕ್ಕು, ಬಣ್ಣವೂ ನಮ್ಮ ಹಕ್ಕು. ಎಷ್ಟೋ ಕೆಲಸದ ನಡುವೆ ಬಾಬಾಸಾಹೇಬರು ಪಿಟೀಲು ಕಲಿಯಲು ಕೂತವರು.

*ಇಂದಿನ ಅಭ್ಯಾಸ*
ಒಂದು ಅಮೂರ್ತ ಚಿತ್ರವನ್ನೋ, ಸುಣ್ಣ ಉದುರಿದ ಗೋಡೆಯನ್ನೋ ಐದು ನಿಮಿಷ ನೋಡಿ. ಹೆಸರಿಡಬೇಡಿ. ಉಸಿರು, ಹೊಟ್ಟೆ, ಹೆಗಲು ಏನು ಹೇಳುತ್ತಿವೆ ಗಮನಿಸಿ. ಹಿತವೋ, ಅಹಿತವೋ, ಎರಡೂ ಅಲ್ಲವೋ? ಅದು ಎಲ್ಲಿಂದ ಬಂತು? ಆಮೇಲೆ ಇವತ್ತು ಎದುರಾಗುವ ಮೊದಲ ಅಪರಿಚಿತರನ್ನೂ ಹಾಗೆಯೇ ನೋಡಿ. ಇವರು ಯಾವೂರು, ಯಾವ ಜನ ಎಂಬ ಪ್ರಶ್ನೆ ಏಳುವ ಮೊದಲಿನ ಆ ಒಂದು ಕ್ಷಣ ನಿಮಗೆ ಸಿಕ್ಕರೆ, ಇಂದಿನ ಅಭ್ಯಾಸ ಫಲಿಸಿತು.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.