ಕರಿಮದ್ದಿನ ಆಯುಷ್ಯ

2021ರಲ್ಲಿ ಅಮೆರಿಕದ ಲೂಯಿಸಿಯಾನಾ ರಾಜ್ಯದ ಮಿಂಡೆನ್ ಬಳಿಯ ಒಂದು ಕಾರ್ಖಾನೆ ಬಾಗಿಲು ಮುಚ್ಚಲಿದೆ ಎಂಬ ಸುದ್ದಿ ಬಂತು. ಗೋಯೆಕ್ಸ್ ಎಂಬ ಹೆಸರಿನ ಕರಿಮದ್ದು ತಯಾರಾಗುತ್ತಿದ್ದುದು ಅಲ್ಲಿ. ಆ ದೇಶದಲ್ಲಿ ಉಳಿದಿದ್ದ ಕರಿಮದ್ದಿನ ಕಾರ್ಖಾನೆ ಅದೊಂದೇ. ಸೈನಿಕರ ಬಂದೂಕುಗಳು ಆ ಮದ್ದನ್ನು ತೊರೆದು ನೂರು ವರ್ಷ ಮೀರಿತ್ತು. ಆದರೂ ಹಳೆಯ ಮಾದರಿಯ ರಿವಾಲ್ವರ್‌ಗಳಿಗೂ ಲಿವರ್ ರೈಫಲ್‌ಗಳಿಗೂ ಕೈಯಾರೆ ತೋಟಾ ತುಂಬಿಕೊಳ್ಳುವ ಜನ ಆ ಸುದ್ದಿಗೆ ಮರುಗಿದರು. ಮುಗಿದುಹೋಯಿತೆಂದು ಲೋಕ ಎಂದೋ ಬಗೆದಿದ್ದು ಮತ್ತೊಮ್ಮೆ ಮುಗಿಯುವಾಗ ನಾವು ಕಳೆದುಕೊಳ್ಳುವುದಾದರೂ ಏನನ್ನು?

ಕರಿಮದ್ದಿನ ಹುಟ್ಟೇ ಅಳಿವಿನಲ್ಲಿದೆ. ನೂರರಲ್ಲಿ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಇದ್ದಿಲು ಒಮ್ಮೆ ಚಿಗುರಿದ್ದ ಮರ. ಪೆಟ್ಲುಪ್ಪು ಕೊಳೆತ ಜೀವದ್ರವ್ಯದಿಂದ ನೆಲ ಹೊರಹಾಕಿದ ಉಪ್ಪು. ಬಿಹಾರದ ಹಳ್ಳಿಗಳಲ್ಲಿ ದನ ಕಟ್ಟುವ ಜಾಗದ ಸುತ್ತ, ಹಳೆಯ ಮಣ್ಣಿನ ಗೋಡೆಗಳ ಬುಡದಲ್ಲಿ ಒಣಹವೆಗೆ ಬಿಳಿಯ ಪದರು ಕಟ್ಟುತ್ತಿತ್ತು. ನೋನಿಯಾ ಜನ ಆ ಮಣ್ಣನ್ನು ಕೆರೆದು, ನೀರಿನಲ್ಲಿ ಕದಡಿ ಸೋಸಿ, ಕುದಿಸಿ ಉಪ್ಪು ತೆಗೆಯುತ್ತಿದ್ದರು. ಆ ಉಪ್ಪಿಗಾಗಿಯೂ ಡಚ್ಚರೂ ಇಂಗ್ಲಿಷರೂ ಪಾಟ್ನಾದಲ್ಲಿ ಕೋಠಿಗಳನ್ನು ಕಟ್ಟಿದರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದಾಗ ಉತ್ತರದ ಸರ್ಕಾರಕ್ಕಾಗಿ ಮದ್ದು ತಯಾರಕರ ಮನೆತನದ ಲಾಮೊ ಡುಪಾಂಟ್ ಇಂಗ್ಲೆಂಡಿಗೆ ಹೋಗಿ ಕೊಂಡದ್ದೂ ಭಾರತದ ಪೆಟ್ಲುಪ್ಪನ್ನೇ. ಯಾವುದೋ ಊರಿನ ಕೊಟ್ಟಿಗೆಯ ನೆಲ ಇನ್ನಾವುದೋ ಖಂಡದ ರಣರಂಗದಲ್ಲಿ ಹೊಗೆಯಾಯಿತು. ಕೆರೆದವರಿಗೆ ಅದು ಎಲ್ಲಿ ಉರಿಯಿತೆಂದು ತಿಳಿಯಲಿಲ್ಲ. ಉರಿಸಿದವರಿಗೆ ಅದು ಎಲ್ಲಿ ಹುಟ್ಟಿತೆಂದು ತಿಳಿಯಲಿಲ್ಲ.

ಈ ಮದ್ದನ್ನು ತೋಟಾಕ್ಕೆ ತುಂಬುವ ಕೆಲಸದಲ್ಲಿ ಒಂದು ಶಿಸ್ತಿದೆ. 1873ರ ವಿಂಚೆಸ್ಟರ್ ರೈಫಲ್ಲಿನ ಜೊತೆಗೆ ಬಂದ .44-40 ತೋಟಾವನ್ನೇ ನೋಡಿ. ಕೆಲವೇ ವರ್ಷಗಳಲ್ಲಿ ಕೋಲ್ಟ್ ರಿವಾಲ್ವರ್ ಕೂಡ ಅದೇ ತೋಟಾಕ್ಕೆ ಹೊಂದಿಕೊಂಡಿತು. ಸೊಂಟದ ಒಂದೇ ಪಟ್ಟಿಯಿಂದ ಎರಡಕ್ಕೂ ಈಡು ಸಿಕ್ಕಿತು. ಅದರ ಹೆಸರಿನ ಎರಡನೆಯ ಅಂಕಿ ಮದ್ದಿನ ತೂಕ: 40 ಗ್ರೇನ್, ಅಂದರೆ ಸುಮಾರು ಎರಡೂವರೆ ಗ್ರಾಂ. ಹಿತ್ತಾಳೆಯ ಕೋಶಕ್ಕೆ ಕೇಪು ಕೂರಿಸಿ, ಮದ್ದು ಸುರಿದು, ಮೆತ್ತನೆಯ ಸೀಸದ ಗುಂಡನ್ನು ಅದರ ಮೇಲೆ ಒತ್ತಬೇಕು. ಮದ್ದಿಗೂ ಗುಂಡಿಗೂ ನಡುವೆ ಗಾಳಿಗೆ ಎಡೆಯಿರಕೂಡದು. ಎಡೆ ಉಳಿದರೆ ನಳಿಗೆಗೇ ಅಪಾಯ. ಗುಂಡಿನ ಗೀರುಗಳಿಗೆ ಜೇನುಮೇಣ ಮತ್ತು ಕೊಬ್ಬು ಬೆರೆಸಿದ ಲೇಪವಿರಬೇಕು. ಅದಿಲ್ಲದಿದ್ದರೆ ಉರಿದ ಮದ್ದಿನ ಮಸಿ ನಳಿಗೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಇಷ್ಟು ನಿಧಾನದ ದುಡಿಮೆ ಒಂದು ಕ್ಷಣದ ಉರಿಗಾಗಿ. ಆದರೆ ಕ್ಷಣಕ್ಕಾಗಿ ಮಾಡಿದ ಕೆಲಸ ಕಡಿಮೆ ಬೆಲೆಯದು ಎಂದು ಯಾರು ಹೇಳಬಲ್ಲರು?

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದನ್ನು ರೂಪಿಸಿದ. ಮುಂದಿನ ಕೆಲವೇ ದಶಕಗಳಲ್ಲಿ ಕರಿಮದ್ದು ಬಂದೂಕಿನ ಲೋಕದಿಂದ ಹಿಂದೆ ಸರಿಯಿತು. ಇಲ್ಲಿ ನಿಂತು ಯೋಚಿಸಬೇಕಾದ ಒಂದು ವಿಚಿತ್ರವಿದೆ. ಗೆದ್ದ ಹೊಸ ಮದ್ದು ತನ್ನೊಳಗೇ ಸವೆಯುತ್ತದೆ. ಅದರ ನೈಟ್ರೋಸೆಲ್ಯುಲೋಸ್ ದಿನದಿನವೂ ಅಷ್ಟಷ್ಟೇ ಶಿಥಿಲವಾಗುತ್ತದೆ; ಆ ಸವೆತವನ್ನು ತಡೆಯಲು ಬೆರೆಸಿದ ರಾಸಾಯನಿಕವೂ ಒಂದು ದಿನ ತೀರುತ್ತದೆ. ಸೋತ ಹಳೆಯ ಮದ್ದಾದರೋ ತೇವ ತಾಗದಂತೆ ಇಟ್ಟರೆ ನೂರು ವರ್ಷದ ಮೇಲೂ ಹತ್ತಿಕೊಳ್ಳುತ್ತದೆ. ಹಾಗಾದರೆ ಕರಿಮದ್ದಿನಲ್ಲಿ ಅಳಿಯುವುದು ಯಾವುದು? ಅಳಿಯುವುದು ಅದನ್ನು ಅರಿತ ಕೈ. ಇಂದಿನ ಹಿತ್ತಾಳೆಯ ಕೋಶಗಳ ಬುಡ ದಪ್ಪ, ಒಳಗಿನ ಜಾಗ ಕಡಿಮೆ. ಹೆಸರಿನಲ್ಲಿರುವ 40 ಗ್ರೇನ್ ಅವುಗಳಲ್ಲಿ ಸಲೀಸಾಗಿ ಹಿಡಿಸುವುದಿಲ್ಲ. ಅಳತೆ ಹೆಸರಿನಲ್ಲಿ ಉಳಿಯಿತು, ಅಳತೆಗೆ ತಕ್ಕ ಪಾತ್ರೆ ಹೋಯಿತು. ನಮ್ಮ ಎಷ್ಟೋ ಆಚರಣೆಗಳ ಗತಿಯೂ ಇದೇ ಅಲ್ಲವೇ?

ಡೆಲವೇರ್ ರಾಜ್ಯದ ಬ್ರ್ಯಾಂಡಿವೈನ್ ನದಿಯ ದಂಡೆಯಲ್ಲಿ ಡುಪಾಂಟ್ ಮನೆತನ 1802ರಲ್ಲಿ ಮದ್ದಿನ ಗಿರಣಿಗಳನ್ನು ಆರಂಭಿಸಿತು. ಮೂರು ಕಡೆ ದಪ್ಪ ಕಲ್ಲಿನ ಗೋಡೆ. ನದಿಯ ಕಡೆಗೆ ಮಾತ್ರ ಹಗುರವಾದ ಮುಖ. ಒಳಗೆ ಸ್ಫೋಟವಾದರೆ ಅದರ ರಭಸ ನೀರಿನತ್ತ ಹೊರಳಲಿ, ಪಕ್ಕದ ಗಿರಣಿ ಉಳಿಯಲಿ ಎಂಬ ಲೆಕ್ಕ. ಇಷ್ಟು ಎಚ್ಚರವಿದ್ದೂ 1818ರ ಸ್ಫೋಟದಲ್ಲಿ 30ಕ್ಕೂ ಹೆಚ್ಚು ಜನ ಸತ್ತರು. ಕಟ್ಟುವಾಗಲೇ ಕೆಡುವುದನ್ನು ಎಣಿಸಿಕೊಂಡ ಕಟ್ಟಡ ಅದು. ನಾಶವನ್ನು ಮರೆತು ಕಟ್ಟಿದವರಿಗಿಂತ ನಾಶಕ್ಕೊಂದು ದಾರಿ ಬಿಟ್ಟು ಕಟ್ಟಿದವರು ಲೋಕದ ಸ್ವಭಾವವನ್ನು ಚೆನ್ನಾಗಿ ಬಲ್ಲವರು. ಆದರೆ ಬಲ್ಲವರನ್ನೂ ಆ ನಾಶ ಬಿಡಲಿಲ್ಲ. 1921ರಲ್ಲಿ ಗಿರಣಿಗಳು ನಿಂತವು. ಈಗ ಅಲ್ಲಿ ವಸ್ತುಸಂಗ್ರಹಾಲಯವಿದೆ.

ಉಳಿದದ್ದರ ಮಾತು ಬಂದಾಗ ಬಿಸಾಡಿದ್ದರ ಮಾತನ್ನೂ ಆಡಬೇಕು. 1876ರಲ್ಲಿ ಮೊಂಟಾನಾದ ಲಿಟಲ್ ಬಿಗ್‌ಹಾರ್ನ್‌ನಲ್ಲಿ ಲಕೋಟಾ ಮತ್ತು ಷೈಯೆನ್ ಯೋಧರು ಅಮೆರಿಕದ ಸೇನಾಧಿಕಾರಿ ಕಸ್ಟರನ ಪಡೆಯನ್ನು ಸೋಲಿಸಿದರು. 1983ರಲ್ಲಿ ಆ ಬಯಲಿನ ಹುಲ್ಲಿಗೆ ಬೆಂಕಿ ಬಿದ್ದು ನೆಲ ಬರಿದಾಯಿತು. ಮರುವರ್ಷ ಪುರಾತತ್ವಜ್ಞರು ಅಲ್ಲಿ ಹುಡುಕಿದಾಗ ಖಾಲಿ ತೋಟಾಗಳು ಸಿಕ್ಕವು. ಕೇಪನ್ನು ಕುಟ್ಟಿದ ಸೂಜಿಯ ಗುರುತುಗಳನ್ನು ಹೋಲಿಸಿ, ಯಾವ ಬಂದೂಕು ಎಲ್ಲಿಂದ ಎಲ್ಲಿಗೆ ಸಾಗಿತೆಂದು ಅವರು ಗುರುತಿಸಿದರು. ಗೆದ್ದವರಿಗೆ ಆ ಗೆಲುವನ್ನು ಹೆಚ್ಚು ಕಾಲ ಉಳಿಸಿಕೊಳ್ಳಲಾಗಲಿಲ್ಲ. ಅವರ ನೆಲ ಹೋಯಿತು, ಅವರಿಗೆ ಅನ್ನ ಕೊಟ್ಟ ಬೈಸನ್ ಹಿಂಡುಗಳು ಇದೇ ಕರಿಮದ್ದಿನ ಈಡಿಗೆ ಸಿಕ್ಕಿ ಅಳಿವಿನ ಅಂಚು ತಲುಪಿದವು. ಜೋಪಾನವಾಗಿ ಇಟ್ಟ ಕಥೆಗಳು ಕಾಲಕ್ಕೆ ತಕ್ಕಂತೆ ಬಣ್ಣ ಬದಲಿಸಿದವು. ಬೇಡವೆಂದು ಚೆಲ್ಲಿದ ಹಿತ್ತಾಳೆ ನೂರು ವರ್ಷ ಮಣ್ಣಿನಲ್ಲಿದ್ದೂ ತಾನು ಕಂಡದ್ದನ್ನೇ ಹೇಳಿತು.

ಆದ್ದರಿಂದ ತೋಟಾ ತುಂಬುವ ಈ ವಿದ್ಯೆಯನ್ನು ಉಳಿಸಬಯಸುವವರ ಮೇಲೆ ಒಂದು ಹೊಣೆಯಿದೆ. ಕರಿಮದ್ದು ಪೂರ್ತಿ ಉರಿದುಹೋಗುವುದಿಲ್ಲ. ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯ ಕಣವಾಗಿ, ಮಸಿಯಾಗಿ ಉಳಿಯುತ್ತದೆ. ಆ ಮಸಿ ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ಹೊಡೆದವನು ಅಂದೇ ನೀರಿನಿಂದ ನಳಿಗೆಯನ್ನು ತೊಳೆದು, ಒರೆಸಿ, ಎಣ್ಣೆ ಹಚ್ಚಬೇಕು. ಹಿಂದಿನದನ್ನು ಪ್ರೀತಿಸುವವರು ಅದರ ಉಳಿಕೆಯನ್ನೂ ಹೊರಬೇಕೆಂಬುದು ಅಲ್ಲಿ ದಿನನಿತ್ಯದ ಕೆಲಸವೇ ಆಗಿದೆ. ಚೆಲುವಾದ ಹೊಗೆಯನ್ನಷ್ಟೇ ನೆನೆದು, ಆ ಹೊಗೆಯ ಹಿಂದೆ ನೆಲ ಕಳೆದುಕೊಂಡವರನ್ನು ಮರೆತರೆ, ಆ ನೆನಪಿಗೂ ತುಕ್ಕು ಹಿಡಿಯದೆ ಇರದು.

ಗೋಯೆಕ್ಸ್ ಮತ್ತೆ ಬದುಕಿತು. 2022ರಲ್ಲಿ ಬೇರೊಂದು ಸಂಸ್ಥೆ ಅದನ್ನು ಕೊಂಡು ತಯಾರಿಕೆಯನ್ನು ಮತ್ತೆ ಆರಂಭಿಸಿತು. ಇದು ಶಾಶ್ವತವೆಂದು ಯಾರೂ ನಂಬಬೇಕಾಗಿಲ್ಲ. ಮುಚ್ಚಿದ್ದು ತೆರೆದಂತೆ, ತೆರೆದದ್ದು ಮುಚ್ಚಲೂಬಹುದು. ಆದರೆ ಆ ನಡುವಿನ ಅನಿಶ್ಚಯದಲ್ಲಿ ಒಂದು ಸಂಗತಿ ನನಗೆ ಸ್ಪಷ್ಟವಾಯಿತು. ವಸ್ತುವನ್ನು ಉಳಿಸಬೇಕಾದರೆ ಬಳಸದೆ ಇಡಬೇಕು; ವಿದ್ಯೆಯನ್ನು ಉಳಿಸಬೇಕಾದರೆ ವಸ್ತುವನ್ನು ಬಳಸಿ ಮುಗಿಸಬೇಕು. ಸಂಗ್ರಾಹಕನ ಪೆಟ್ಟಿಗೆಯಲ್ಲಿರುವ ಹಳೆಯ ತೋಟಾ ಹಾಗೆಯೇ ಇರುತ್ತದೆ, ಆದರೆ ಅದರಿಂದ ಯಾರೂ ಏನನ್ನೂ ಕಲಿಯುವುದಿಲ್ಲ. ಇಂದು ತುಂಬಿ ಇಂದೇ ಉರಿಸಿದ ತೋಟಾ ಇಲ್ಲವಾಗುತ್ತದೆ, ಆದರೆ ನಾಳೆ ಇನ್ನೊಂದನ್ನು ತುಂಬುವ ಅರಿವನ್ನು ಬಿಟ್ಟುಹೋಗುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಅವಕಾಶವನ್ನು ಕಾಲ ನಮಗೆ ಕೊಟ್ಟಿಲ್ಲ. ಒಂದನ್ನು ಆಯ್ದುಕೊಳ್ಳಬೇಕಾದಲ್ಲಿ ನಾನು ಕಳೆದುಹೋಗುವುದನ್ನೇ ಆಯ್ದುಕೊಳ್ಳುತ್ತೇನೆ. ಏಕೆಂದರೆ ಇನ್ನೊಬ್ಬರ ಕೈಗೆ ದಾಟಬಲ್ಲದ್ದು ಅದೊಂದೇ.