ಬೆಂದಿದೆ ತಾನೆ?

ಎರಡು ವರ್ಷದ ಹಿಂದಿನ ಜನವರಿ. ಜೋಯಿಡಾ ತಾಲ್ಲೂಕಿನ ಗಣೇಶಗುಡಿ ಹತ್ತಿರ ಒಂದು ಹೋಂಸ್ಟೇ, ಶನಿವಾರ ರಾತ್ರಿ. ಬೆಳಿಗ್ಗೆ ಕಾಳಿ ನದಿಯಲ್ಲಿ ರಾಫ್ಟಿಂಗ್ ಮುಗಿಸಿ, ಸಂಜೆ ಎಲ್ಲರೂ ಒದ್ದೆ ಬಟ್ಟೆ ಹಗ್ಗಕ್ಕೆ ಹಾಕಿ ಅಂಗಳದಲ್ಲಿ ಕೂತಿದ್ವಿ. ಕೆಂಡದ ಮುಂದೆ ನಾನು. ನಾಲ್ಕು ಕುಟುಂಬ, ಮೂರು ಕೇಜಿ ಕೋಳಿ, ತಲೆಗೆ ಕಟ್ಟಿದ ಒಂದು ಟಾರ್ಚು. ನಮ್ಮ ಗುಂಪಿನಲ್ಲಿ ಸುಡೋ ಕೆಲಸ ಯಾವಾಗಲೂ ನನ್ನದೇ. "ಇವನು ಹಳ್ಳಿಯವನು, ಇವನಿಗೆ ಬೆಂಕಿ ಗೊತ್ತು" ಅನ್ನೋದು ಅವರ ವಾದ. ನಾನು ಅದನ್ನು ಒಮ್ಮೆಯೂ ಅಲ್ಲಗಳೆದಿರಲಿಲ್ಲ. ಹಾಗೆ ಅನ್ನಿಸಿಕೊಳ್ಳೋದು ಇಷ್ಟವಾಗ್ತಿತ್ತು.

ಗೆಳೆಯನೊಬ್ಬ ತನ್ನ ನಾಲ್ಕು ವರ್ಷದ ಮಗಳಿಗೆ ಅಂತ ಒಂದು ಲೆಗ್ ಪೀಸ್ ತಟ್ಟೆಗೆ ಹಾಕಿಸಿಕೊಂಡ. ಹೋಗೋ ಮುಂಚೆ, ಸುಮ್ಮನೆ ವಾಡಿಕೆಗೆ ಕೇಳಿದ: "ಬೆಂದಿದೆ ತಾನೆ?"

"ಹೂಂ" ಅಂದೆ.

ಭಾನುವಾರ ಅವರು ಹುಬ್ಬಳ್ಳಿಗೆ ವಾಪಸ್ ಹೋದರು. ಆ ರಾತ್ರಿ ಮಗುವಿಗೆ ಜ್ವರ, ವಾಂತಿ, ಭೇದಿ. ಎರಡು ದಿನ ಡ್ರಿಪ್ ಹಾಕಿಸಿಕೊಂಡು ಮಲಗಿತ್ತು. ಗುಣವಾಯಿತು, ಈಗ ಚೆನ್ನಾಗಿದ್ದಾಳೆ. ಡಾಕ್ಟರು ನೀರಿನಿಂದಲೂ ಆಗಿರಬಹುದು, ಆಹಾರದಿಂದಲೂ ಆಗಿರಬಹುದು ಅಂದರಂತೆ. ಗೆಳೆಯ ಅದನ್ನು "ನದೀ ನೀರು ಕುಡಿದುಬಿಟ್ಟಿದ್ಲು" ಅಂತ ಮುಗಿಸಿಬಿಟ್ಟ. ಫೋನಿನಲ್ಲಿ ನಾನೂ "ಹೌದು, ನದೀ ನೀರೇ ಇರಬೇಕು" ಅಂದೆ.

ಆದರೆ ನನಗೆ ನೆನಪಿದ್ದದ್ದು ಬೇರೆ. ಕೊನೆಯಲ್ಲಿ ಉಳಿದಿದ್ದ ಒಂದು ತುಂಡನ್ನು ನಾನು ಮುರಿದಾಗ ಮೂಳೆ ಹತ್ತಿರ ಗುಲಾಬಿ ಬಣ್ಣ ಕಂಡಿತ್ತು. ಟಾರ್ಚ್ ಬೆಳಕಿನ ಭ್ರಮೆ ಅಂದುಕೊಂಡು ಅದನ್ನು ಮತ್ತೆ ಕೆಂಡದ ಮೇಲಿಟ್ಟೆ. ಯಾರಿಗೂ ಹೇಳಲಿಲ್ಲ. ಆಮೇಲೆ ಓದಿ ತಿಳಿದಿದ್ದೇನಂದರೆ ಬಣ್ಣ ಯಾವ ಕಡೆಗೂ ಸಾಕ್ಷಿಯಲ್ಲ. ಎಳೆ ಕೋಳಿಯ ಮೂಳೆ ಮಜ್ಜೆಯಿಂದ ಬಣ್ಣ ಇಳಿದು, ಪೂರ್ತಿ ಬೆಂದ ಮಾಂಸವೂ ಗುಲಾಬಿಯಾಗಿರಬಹುದು. ಬೆಳ್ಳಗೆ ಕಂಡ ಮಾಂಸದೊಳಗೆ ಸಾಲ್ಮೊನೆಲ್ಲಾ ಬದುಕಿರಬಹುದು. ಅಂದರೆ ಆ ಕೋಳಿ ಬೆಂದಿತ್ತೋ ಇಲ್ಲವೋ ಅನ್ನೋದು ನನಗೆ ಈಗಲೂ ಗೊತ್ತಿಲ್ಲ, ಇನ್ನು ಮುಂದೆ ಗೊತ್ತಾಗೋದೂ ಇಲ್ಲ.

ಹಾಗಾದರೆ ನಾನು ತಪ್ಪು ಮಾಡಿದೆನಾ ಇಲ್ವಾ?

ಈ ಪ್ರಶ್ನೆಗೆ ಒಬ್ಬ ಗಣಿತಜ್ಞ ಯಾವತ್ತೋ ಉತ್ತರ ಬರೆದಿಟ್ಟಿದ್ದಾನೆ. ಹೆಸರು ಡಬ್ಲ್ಯು. ಕೆ. ಕ್ಲಿಫರ್ಡ್, ಇಂಗ್ಲೆಂಡಿನವನು, 33ನೇ ವಯಸ್ಸಿಗೇ ತೀರಿಹೋದ. ಕಂಪ್ಯೂಟರ್ ಗ್ರಾಫಿಕ್ಸ್ ಕೆಲಸ ಮಾಡೋರಿಗೆ ಅವನ ಹೆಸರಿನ ಬೀಜಗಣಿತ ಗೊತ್ತಿರುತ್ತೆ. 1877ರಲ್ಲಿ ಅವನು ನಂಬಿಕೆಯ ನೈತಿಕತೆ ಬಗ್ಗೆ ಒಂದು ಪ್ರಬಂಧ ಬರೆದ. ಅದರಲ್ಲಿ ಒಬ್ಬ ಹಡಗಿನ ಮಾಲೀಕ ಬರುತ್ತಾನೆ. ಹಡಗು ಹಳೇದು, ರಿಪೇರಿ ಬೇಕು ಅನ್ನೋ ಅನುಮಾನ ಅವನಿಗಿದೆ. ಆದರೆ "ಇಷ್ಟು ಸಲ ಹೋಗಿ ಬಂದಿದೆಯಲ್ಲ, ಈ ಸಲವೂ ಬರುತ್ತೆ" ಅಂತ ತನ್ನನ್ನು ತಾನೇ ಒಪ್ಪಿಸಿಕೊಂಡು, ನಿಜವಾಗಿಯೂ ನಂಬಿ, ವಲಸೆ ಹೊರಟ ಕುಟುಂಬಗಳನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತೆ. ಅವನು ತಪ್ಪಿತಸ್ಥ ಅಂತ ಯಾರು ಬೇಕಾದರೂ ಹೇಳ್ತಾರೆ. ಕ್ಲಿಫರ್ಡ್ ಇನ್ನೊಂದು ಹೆಜ್ಜೆ ಮುಂದೆ ಹೋಗ್ತಾನೆ: ಹಡಗು ಮುಳುಗದೆ ದಡ ಸೇರಿದ್ದರೂ ಅವನು ಅಷ್ಟೇ ತಪ್ಪಿತಸ್ಥ. ನಂಬಿಕೆ ನಿಜವಾಯಿತಾ ಅನ್ನೋದಲ್ಲ, ಆ ನಂಬಿಕೆಗೆ ಅವನಿಗೆ ಹಕ್ಕಿತ್ತಾ ಅನ್ನೋದು ಪ್ರಶ್ನೆ.

ಓದಿದಾಗ ಹೊಟ್ಟೆಯಲ್ಲಿ ಒಂಥರಾ ಆಯ್ತು. ಯಾಕಂದ್ರೆ ನಾನು ಆ ಒಂದು ರಾತ್ರಿ ಸುಟ್ಟವನಲ್ಲ. ಏಳೆಂಟು ವರ್ಷದಿಂದ ಟೆರೇಸಿನ ಮೇಲೆ, ಔಟಿಂಗ್‌ಗಳಲ್ಲಿ ಸುಡ್ತಾ ಬಂದಿದ್ದೆ. ಕ್ಲಿಫರ್ಡ್ ಲೆಕ್ಕದಲ್ಲಿ ಯಾರಿಗೂ ಏನೂ ಆಗದ ಆ ಎಲ್ಲಾ ರಾತ್ರಿಗಳೂ ತಪ್ಪಿನ ಖಾತೆಗೇ ಬರುತ್ತವೆ. ಅತಿಯಾಯ್ತು ಅನ್ನಿಸಬಹುದು. ನನಗೂ ಅನ್ನಿಸ್ತು. ಎಲ್ಲದಕ್ಕೂ ಸಾಕ್ಷಿ ಕೇಳ್ತಾ ಕೂತರೆ ಯಾರ ಮನೆಯ ಊಟವನ್ನೂ ಮಾಡೋಕಾಗಲ್ಲ. ನಮ್ಮಜ್ಜಿ ಜೀವಮಾನದಲ್ಲಿ ಥರ್ಮಾಮೀಟರ್ ಮುಟ್ಟಿದವಳಲ್ಲ, ಜ್ವರಕ್ಕೂ ಕೈಯನ್ನೇ ಹಣೆ ಮೇಲೆ ಇಡ್ತಿದ್ದಳು. ಅವಳು ಮಾಡಿದ ಮಟನ್ ಸಾರಿಂದ ಯಾರೂ ಆಸ್ಪತ್ರೆ ಸೇರಲಿಲ್ಲ. ಅವಳೂ ತಪ್ಪಿತಸ್ಥಳಾ?

ಇಲ್ಲಿ ಸಿಕ್ಕಿಹಾಕಿಕೊಂಡು ಸುಮಾರು ದಿನ ಒದ್ದಾಡಿದೆ. ಉತ್ತರ ಸಿಕ್ಕಿದ್ದು ತತ್ವಶಾಸ್ತ್ರದಲ್ಲಿ ಅಲ್ಲ, ಪಾತ್ರೆಯಲ್ಲಿ. ಹಳಿಯಾಳದ ಹತ್ತಿರ ನಮ್ಮೂರಲ್ಲಿ ಭಾನುವಾರದ ಮಟನ್ ಅಂದರೆ ಒಲೆ ಮೇಲೆ ಎರಡು ತಾಸು ಕೊತಕೊತ ಕುದಿಯೋ ಸಾರು. ಕುದಿಯೋ ನೀರಿಗೆ ಒಂದು ಗುಣ ಇದೆ, ಎಷ್ಟೇ ಸೌದೆ ತುರುಕಿದರೂ ಅದರ ಬಿಸಿ ಒಂದು ಮಟ್ಟಕ್ಕಿಂತ ಮೇಲೆ ಹೋಗಲ್ಲ, ಕುದಿತಾ ಇರೋವರೆಗೂ ಕೆಳಗೂ ಇಳಿಯಲ್ಲ. ಕೋಳಿ ಮಾಂಸದ ನಡುಭಾಗ 74 ಡಿಗ್ರಿ ಮುಟ್ಟಿದರೆ ಕೀಟಾಣು ತಕ್ಷಣ ಸಾಯ್ತಾವೆ. 65ರಲ್ಲೂ ಸಾಯ್ತಾವೆ, ಆದರೆ ಆ ಬಿಸಿಯನ್ನು ಕೆಲವು ನಿಮಿಷ ಹಿಡಿದಿಡಬೇಕು. 100ರ ಹತ್ತಿರದ ನೀರಲ್ಲಿ ಎರಡು ತಾಸು ಬಿದ್ದಿರೋ ತುಂಡಿನ ನಡುಭಾಗದ ಬಗ್ಗೆ ಯಾರೂ ಚಿಂತೆ ಮಾಡಬೇಕಿಲ್ಲ. ಮುಂಡಗೋಡದ ಟಿಬೆಟನ್ ಕಾಲೋನಿಯಲ್ಲಿ ಮೊಮೊ ತಿಂದವರಿಗೂ ಅದೇ ರಕ್ಷೆ, ಅಲ್ಲಿ ನೀರಿನ ಬದಲು ಹಬೆ. ಅಜ್ಜಿಯ ನಂಬಿಕೆಗೆ ಹಕ್ಕಿತ್ತು. ಅವಳ ಥರ್ಮಾಮೀಟರ್ ಪಾತ್ರೆಯೊಳಗೇ ಇತ್ತು, ಹೆಸರು ನೀರು.

ಕೆಂಡದ ಮೇಲೆ ನೀರಿಲ್ಲ. ಹೊರಗೆ ಇನ್ನೂರು ಮುನ್ನೂರು ಡಿಗ್ರಿ, ಒಳಗೆ ಫ್ರಿಜ್ಜಿನಿಂದ ತೆಗೆದ ತಣ್ಣನೆ ಮಾಂಸ. ಹೊರಗಿನ ಬಣ್ಣ ಒಳಗಿನ ಸುದ್ದಿ ಹೇಳಲ್ಲ. ನಾನು ಅಜ್ಜಿಯಿಂದ ಬಳುವಳಿ ಬಂದಿದೆ ಅಂದುಕೊಂಡಿದ್ದ "ಕೈಗುಣ" ಬೇರೆಯೇ ಅಡುಗೆಯದ್ದು. ಅವಳ ಧೈರ್ಯ ಮಾತ್ರ ತಗೊಂಡು, ಆ ಧೈರ್ಯಕ್ಕೆ ಆಧಾರವಾಗಿದ್ದ ನೀರನ್ನು ಬಿಟ್ಟು ಬಂದಿದ್ದೆ. "ಹಳ್ಳಿಯವನು" ಅನ್ನೋ ಪಟ್ಟ ಕಟ್ಟಿಸಿಕೊಂಡು ಊರು ಬಿಟ್ಟ ನಮ್ಮಂಥ ಎಷ್ಟು ಜನ ಇದನ್ನೇ ಮಾಡ್ತೀವೋ ಏನೋ.

ಸರಿ, ಥರ್ಮಾಮೀಟರ್ ತಗೊಳ್ಳೋಣ ಅಂತಾಯ್ತು. ಎಂಜಿನಿಯರ್ ಬುದ್ಧಿ, ಸೀದಾ ವೈರ್‌ಲೆಸ್‌ಗೆ ಹೋದೆ. ಪೆನ್ನಿನಷ್ಟು ದಪ್ಪದ ಒಂದು ಕಡ್ಡಿ, ಅದರೊಳಗೇ ಬ್ಯಾಟರಿ, ಸೆನ್ಸರ್, ಬ್ಲೂಟೂತ್. ಮಾಂಸಕ್ಕೆ ಚುಚ್ಚಿ ಮುಚ್ಚಳ ಹಾಕಿದರೆ ಒಳಗಿನ ಬಿಸಿ ಫೋನಿಗೆ ಬರುತ್ತೆ, ಇನ್ನೆಷ್ಟು ಹೊತ್ತು ಅಂತಲೂ ಅಂದಾಜು ಹೇಳುತ್ತೆ. ಜಾಹೀರಾತಿನಲ್ಲಿ ಒಬ್ಬ ಬೆಂಕಿ ಬಿಟ್ಟು ಸೋಫಾ ಮೇಲೆ ಕೂತು ಮ್ಯಾಚ್ ನೋಡ್ತಿದ್ದ. ನಾನು ದುಡ್ಡು ಕೊಟ್ಟಿದ್ದು ಆ ಸೋಫಾಗೆ ಅಂತ ಆಮೇಲೆ ಗೊತ್ತಾಯ್ತು.

ಬಳಸಿ ಕಲಿತಿದ್ದನ್ನು ಹೇಳ್ತೀನಿ, ಕೊಳ್ಳೋರಿಗೆ ಉಪಯೋಗ ಆಗಬಹುದು. ಈ ಕಡ್ಡಿಗಳೊಳಗಿನ ಎಲೆಕ್ಟ್ರಾನಿಕ್ಸ್ ಸುಮಾರು 100 ಡಿಗ್ರಿಗಿಂತ ಹೆಚ್ಚು ತಡೆಯಲ್ಲ. ಅದನ್ನು ಕಾಪಾಡೋದು ಸುತ್ತಲಿನ ಮಾಂಸವೇ, ಹಾಗಾಗಿ ಗುರುತು ಹಾಕಿದ ಗೆರೆವರೆಗೂ ಚುಚ್ಚಲೇಬೇಕು. ದಪ್ಪ ತೊಡೆಗೆ, ಇಡೀ ಕೋಳಿಗೆ ಸರಿ. ಕಡ್ಡಿಗೆ ಪೋಣಿಸಿದ ಟಿಕ್ಕಾ ತುಂಡಿಗೆ ಅದು ದಂಡ. ಬ್ಲೂಟೂತ್ ಅಲೆಗಳನ್ನು ನೀರು ನುಂಗುತ್ತೆ, ಕಬ್ಬಿಣದ ಮುಚ್ಚಳ ತಡೆಯುತ್ತೆ, ಮಾಂಸ ಅಂದರೆ ಬಹುಪಾಲು ನೀರೇ. ಡಬ್ಬಿ ಮೇಲೆ ಬರೆದ ದೂರ ಬಯಲಿನದ್ದು, ಡ್ರಮ್ಮಿನೊಳಗಿನದ್ದಲ್ಲ. ಇನ್ನು ಆ್ಯಪ್ ಲಾಗಿನ್ ಕೇಳುತ್ತೆ, ಲಾಗಿನ್ ಇಂಟರ್ನೆಟ್ ಕೇಳುತ್ತೆ. ಜೋಯಿಡಾ ಕಾಡಿನಲ್ಲಿ ಫೋನ್ ಕೈಯಲ್ಲಿ ಹಿಡ್ಕೊಂಡು ಓ.ಟಿ.ಪಿ.ಗಾಗಿ ಮರದ ಸುತ್ತ ತಿರುಗಿದವನು ನಾನು. ಫೋನಿಲ್ಲದೆ ತನ್ನದೇ ಪರದೆಯಲ್ಲಿ ಬಿಸಿ ತೋರಿಸೋದನ್ನು ತಗೊಳ್ಳಿ. ಜೊತೆಗೆ, ಅದರ ಹತ್ತನೇ ಒಂದು ಪಾಲು ಬೆಲೆಗೆ ಸಿಗೋ, ಚುಚ್ಚಿ ಎರಡು ಮೂರು ಸೆಕೆಂಡಿಗೆ ಅಂಕಿ ತೋರಿಸೋ ಚೂಪು ಕಡ್ಡಿ ಒಂದು ಇರಲಿ.

ಹೋದ ಡಿಸೆಂಬರಿನಲ್ಲಿ ಮತ್ತೆ ಅದೇ ಕಡೆ ಹೋದ್ವಿ. ಬೇರೆ ಹೋಂಸ್ಟೇ. ಅಲ್ಲಿ ಸಂಜೆ ಬೆಂಕಿ ನೋಡಿಕೊಳ್ಳೋಕೆ ಒಬ್ಬರು ಬರ್ತಿದ್ದರು, ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಬಾಯ್ಲರ್ ವಿಭಾಗದಲ್ಲಿದ್ದು ರಿಟೈರ್ ಆದವರು. ನಾನು ಕಡ್ಡಿ ತೆಗೆದಾಗ "ಇದೆಲ್ಲ ಯಾಕ್ರೀ" ಅಂತ ನಗ್ತಾರೆ ಅಂದುಕೊಂಡು ಮೊದಲೇ ಒಂದು ಸಮರ್ಥನೆ ರೆಡಿ ಮಾಡ್ಕೊಂಡಿದ್ದೆ. ಅವರು ನಗಲಿಲ್ಲ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಕೇಳಿದರು: "ಗೇಜ್ ಛಲೋ ಐತಿ. ಖರೇ ಹೇಳ್ತೈತೋ ಸುಳ್ಳ ಹೇಳ್ತೈತೋ, ಹೆಂಗ ಚೆಕ್ ಮಾಡ್ತೀರಿ?"

ನಾನು ಚೆಕ್ ಮಾಡಿರಲೇ ಇಲ್ಲ.

ಬಾಯ್ಲರಿನಲ್ಲಿ ನೀರಿನ ಮಟ್ಟ ತೋರಿಸೋಕೆ ಗಾಜಿನ ಗೇಜು ಎರಡು ಇರ್ತವಂತೆ, ಒಂದು ಕೆಟ್ಟರೆ ಇನ್ನೊಂದು. ಅಷ್ಟೂ ಸಾಲದು ಅಂತ ಡ್ಯೂಟಿಗೆ ಬಂದವನು ಅದರ ಕೆಳಗಿನ ನಲ್ಲಿ ಬಿಟ್ಟು, ನೀರು ಪೂರಾ ಇಳಿದು ಮತ್ತೆ ಮೇಲೇರುತ್ತಾ ಅಂತ ನೋಡಬೇಕು. ಏರದಿದ್ದರೆ ನಾಳ ಕಟ್ಟಿಕೊಂಡಿದೆ, ಗಾಜಿನಲ್ಲಿ ಕಾಣೋ ನೀರು ಹಳೇ ನೀರು. "ನಿಂತ ಗೇಜ್‌ಕಿಂತ ಗೇಜ್ ಇಲ್ಲದ್ದ ಛಲೋ ರೀ," ಅಂದರು, "ಗೇಜ್ ಇಲ್ಲಾಂದ್ರ ಮನಷಾ ಅಂಜಿಕೋತ ಇರ್ತಾನ."

ಒಲೆ ಮೇಲೆ ನೀರಿಟ್ಟು ಕುದಿಸಿ ಕಡ್ಡಿ ಅದ್ದಿದ್ವಿ. 98.4 ತೋರಿಸ್ತು. "ಒಂದೂವರೆ ಡಿಗ್ರಿ ಕಮ್ಮಿ" ಅಂತ ನಾನು ಬೇಜಾರಾದೆ. ಆಮೇಲೆ ಹೊಳೀತು, ದಾಂಡೇಲಿ ಸೀಮೆ ಸಮುದ್ರಮಟ್ಟದಿಂದ ಸುಮಾರು 470 ಮೀಟರ್ ಮೇಲಿದೆ, ಮುನ್ನೂರು ಮೀಟರಿಗೆ ಹತ್ತಿರ ಹತ್ತಿರ ಒಂದು ಡಿಗ್ರಿ ಲೆಕ್ಕದಲ್ಲಿ ಇಲ್ಲಿ ನೀರು ಕುದಿಯೋದೇ ಅಷ್ಟಕ್ಕೆ. ಕಡ್ಡಿ ನಿಜ ಹೇಳ್ತಿತ್ತು. ಬೆಂಗಳೂರಿನಲ್ಲಿ ಇನ್ನೂ ಕಮ್ಮಿ, 97.

ಆವತ್ತು ಮುಚ್ಚಳದ ಡ್ರಮ್ಮಿನಲ್ಲಿ ಆಡಿನ ತೊಡೆ ಇಟ್ಟಿದ್ವಿ, ಹೊಗೆಯಲ್ಲಿ ನಿಧಾನಕ್ಕೆ ಬೇಯಲಿ ಅಂತ. 68ರವರೆಗೆ ಚಕಚಕ ಏರಿದ ಅಂಕಿ ಅಲ್ಲೇ ನಿಂತುಬಿಡ್ತು. ಅರ್ಧ ತಾಸಾದರೂ ಕದಲಲಿಲ್ಲ. ನಾಳ ಕಟ್ಟಿದ ಗೇಜಿನ ಕಥೆ ಆಗಷ್ಟೇ ಕೇಳಿದ್ದವನು, ಸೆನ್ಸರ್ ಸತ್ತಿದೆ ಅಂತ ಇನ್ನಷ್ಟು ಕೆಂಡ ಸುರಿಯೋಕೆ ಹೊರಟೆ. ಅವರು ಕೈ ಹಿಡಿದು ನಿಲ್ಲಿಸಿದರು. "ಮೈ ಬೆವರಾಕತ್ತೇತಿ, ನೀರ ಹೋಗ್ಲಿ ತಡೀರಿ." ಹೂಜಿಯ ನೀರು ಯಾಕೆ ತಣ್ಣಗಿರುತ್ತೋ ಅದೇ ಕಾರಣ. ಮಾಂಸದ ಮೇಲ್ಮೈಯಿಂದ ನೀರು ಆವಿಯಾಗ್ತಾ ಕೆಂಡ ಕೊಡೋ ಬಿಸಿಯನ್ನೆಲ್ಲಾ ತಿಂದುಹಾಕುತ್ತೆ. ಆ್ಯಪ್ ಮಾತ್ರ "ಇನ್ನು 20 ನಿಮಿಷ" ಅಂತ ಪ್ರತೀ ಹತ್ತು ನಿಮಿಷಕ್ಕೊಮ್ಮೆ ಹೇಳ್ತಾನೇ ಇತ್ತು. ಅದಕ್ಕೆ ಅಂಕಿ ಗೊತ್ತಿತ್ತು, ಅಂಕಿ ಯಾಕೆ ನಿಂತಿದೆ ಅನ್ನೋದು ಗೊತ್ತಿರಲಿಲ್ಲ. ಸೋಫಾ ಮೇಲೆ ಕೂತಿದ್ದರೆ ನನಗೂ ಗೊತ್ತಾಗ್ತಿರಲಿಲ್ಲ.

ಕಾಯ್ತಾ ಕೂತಾಗ ಅವರಿಗೆ ಆ ಜನವರಿಯ ರಾತ್ರಿಯದ್ದನ್ನು ಹೇಳಿಬಿಟ್ಟೆ. ಗುಲಾಬಿ ಬಣ್ಣ, "ಹೂಂ" ಅಂದಿದ್ದು, ಎಲ್ಲ. ಪರಿಚಯ ಇಲ್ಲದವರ ಹತ್ತಿರ ಹೇಳೋದು ಸುಲಭ. ಅವರು ಕೋಲಿನಿಂದ ಕೆಂಡ ಸರಿಸ್ತಾ ಕೇಳಿದ್ದು ಒಂದೇ ಮಾತು.

"ಆ ಕೂಸಿನ ಅಪ್ಪಗ ಗೊತ್ತೈತೇನು?"

ಇಲ್ಲ ಅಂದೆ. ನದೀ ನೀರು ಅಂತಲೇ ಅವನು ನಂಬಿದ್ದಾನೆ, ಈಗ ಹೇಳಿ ಏನು ಪ್ರಯೋಜನ, ಮಗು ಚೆನ್ನಾಗಿದೆ, ಹೇಗೂ ನನಗೇ ಖಾತ್ರಿ ಇಲ್ಲ. ಹೇಳ್ತಾ ಹೇಳ್ತಾ ಈ ದನಿ ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸ್ತು. ಹಡಗಿನ ಮಾಲೀಕನದ್ದು. ಎರಡು ವರ್ಷದಿಂದ ಥರ್ಮಾಮೀಟರ್ ಆರಿಸ್ತಾ, ಸ್ಪೆಸಿಫಿಕೇಶನ್ ಓದ್ತಾ, ರಿವ್ಯೂ ಹೋಲಿಸ್ತಾ ಇದ್ದ ಶ್ರಮದಲ್ಲಿ ಒಂದು ಫೋನ್ ಮಾಡೋ ಕೆಲಸವನ್ನು ಮುಂದೂಡ್ತಾ ಬಂದಿದ್ದೆ.

ಸಿಗ್ನಲ್ ಸಿಗೋದು ರಸ್ತೆ ತಿರುವಿನಲ್ಲಿ, ಅರ್ಧ ಕಿಲೋಮೀಟರು. "ನೀವು ಹೋಗಿ ಬರ್ರಿ, ನಾ ಕುಂತಿರ್ತೀನಿ" ಅಂದರು. ಅಂಗಳ ದಾಟೋ ಮೊದಲೇ ಕಡ್ಡಿಯ ಬ್ಲೂಟೂತ್ ಕಡಿದುಹೋಗಿ ಫೋನ್ ಒಂದ್ಸಲ ಕಿರ್ ಅಂತು.

ಗೆಳೆಯ ಪೂರ್ತಿ ಕೇಳಿಸಿಕೊಂಡ. ನಡುವೆ ಮಾತಾಡಲಿಲ್ಲ. ಕಟ್ ಆಯ್ತೇನೋ ಅಂತ "ಹಲೋ" ಅಂದೆ.

"ಇದ್ದೀನಿ," ಅಂದ. ಸ್ವಲ್ಪ ಹೊತ್ತು ಬಿಟ್ಟು, "ಆವತ್ತು ನಾನೂ ಟಾರ್ಚ್ ಹಾಕಿ ನೋಡಬಹುದಿತ್ತು" ಅಂದ. ನಾನು ಅದಕ್ಕೆ ಏನೂ ಹೇಳಲಿಲ್ಲ. ಬೇಜಾರಾಗಿದ್ದು ದನಿಯಲ್ಲಿ ಗೊತ್ತಾಗ್ತಿತ್ತು, ಬೇಜಾರಾಗಬೇಕಾದ್ದೇ. ಮಗಳ ಹೆಸರು ಕರೆದು ಯಾರೋ ಊಟಕ್ಕೆ ಕೂಗಿದ್ದು ಹಿಂದೆ ಕೇಳಿಸ್ತು.

ಫೋನಿಡೋ ಮೊದಲು ಅವನು ಕೇಳಿದ: "ಹಂಗಾರ ಯಾವ ಥರ್ಮಾಮೀಟರ್ ತಗೋಬೇಕು?"

"ವೈರ್‌ಲೆಸ್ ಬೇಡ," ಅಂದೆ, "ಚೂಪಂದು ತಗೋ. ತಂದ ಮೇಲೆ ಮೊದಲು ನೀರಲ್ಲಿ ಕುದಿಸಿ ನೋಡು."